ಫ್ಲೈ ಅಪ್

ಗರ್ಲ್ ಗೈಡ್ ಚಳವಳಿಯಲ್ಲಿ ಬ್ರೌನಿ ಎಂಬ ಕಿರಿಯರ ತಂಡದ ಹುಡುಗಿ ಗೈಡ್ ದಳಕ್ಕೆ ಏರುವ ವಿಧಿಯ ಹೆಸರು ‘ಫ್ಲೈ ಅಪ್’; ಇಂಗ್ಲಿಷಿನಲ್ಲಿ ಮೇಲಕ್ಕೆ ಹಾರುವುದು ಎಂದರ್ಥ. 1914ರಲ್ಲಿ ಬ್ರಿಟನ್ನಿನಲ್ಲಿ ಈ ಕಿರಿಯರಿಗೆ ಇಟ್ಟ ಮೊದಲ ಹೆಸರು ರೋಸ್‌ಬಡ್, ಅಂದರೆ ಗುಲಾಬಿ ಮೊಗ್ಗು. ಅದು ಮಕ್ಕಳಿಗೆ ಹಿಡಿಸಲಿಲ್ಲ. ಯಾರ ಕಣ್ಣಿಗೂ ಬೀಳದೆ ಮನೆಗೆಲಸ ಮಾಡಿಕೊಡುವ ಜನಪದ ಕಥೆಗಳ ಪುಟ್ಟ ಜೀವಿ ಬ್ರೌನಿಯ ಹೆಸರು ಬಂದದ್ದು ಜೂಲಿಯಾನಾ ಯೂಯಿಂಗ್ ಅವರ ಕಥೆಯಿಂದ. ಹಾರುವ ರೂಪಕ ಈ ಮಾಯಾಲೋಕಕ್ಕೆ ಚೆನ್ನಾಗಿ ಒಪ್ಪುತ್ತದೆ.

ಪದ ಬರೀ ಅಲಂಕಾರವಾಗಿರಲಿಲ್ಲ. ಬ್ರಿಟನ್ನಿನಲ್ಲಿ ನಿಗದಿತ ಪರೀಕ್ಷೆ ಮುಗಿಸಿದವಳು ರೆಕ್ಕೆಯ ಬ್ಯಾಡ್ಜ್ ಪಡೆದು ‘ಹಾರಿ’ ಹೋಗುತ್ತಿದ್ದಳು, ಮುಗಿಸದವಳು ‘ನಡೆದು’ ಹೋಗುತ್ತಿದ್ದಳು. ಹತ್ತು ವರ್ಷದ ಮಗುವಿಗೆ ಈ ಭೇದ ಸಣ್ಣದಲ್ಲ. ಅಮೆರಿಕದ ಗರ್ಲ್ ಸ್ಕೌಟ್‌ಗಳಲ್ಲೂ ಬ್ರೌನಿ ರೆಕ್ಕೆ ಉಂಟು. ಆದರೆ ಮೇಲಿನ ಹಂತಕ್ಕೆ ಏರುವುದಕ್ಕೆಲ್ಲ ಈಗ ಅಲ್ಲಿ ‘ಬ್ರಿಡ್ಜಿಂಗ್’ ಎನ್ನುತ್ತಾರೆ, ಹುಡುಗಿಯರು ನಿಜವಾಗಿಯೇ ಪುಟ್ಟ ಸೇತುವೆಯೊಂದನ್ನು ದಾಟುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆಯನ್ನೇ ದಾಟುವುದುಂಟು.

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಬ್ರೌನಿಯ ಜಾಗದಲ್ಲಿರುವುದು ಬುಲ್‌ಬುಲ್. ಕನ್ನಡದ ಪಿಕಳಾರ ಹಕ್ಕಿಯೇ ಇದು. ಕರ್ನಾಟಕದ ಶಾಲೆಗಳಲ್ಲೂ ಬುಲ್‌ಬುಲ್ ಎಂಬ ಹೆಸರೇ ರೂಢಿ. ಇಲ್ಲಿ ರೆಕ್ಕೆ ಕೊನೆಯ ದಿನಕ್ಕೆ ಕಾಯುವುದಿಲ್ಲ: ಕೋಮಲ ಪಂಖ್, ರಜತ ಪಂಖ್, ಸ್ವರ್ಣ ಪಂಖ್, ಹೀರಕ ಪಂಖ್ ಎಂದು ಹಂತಹಂತವಾಗಿ ಬಲಿಯುತ್ತದೆ. ಪಂಖ್ ಎಂದರೆ ಹಿಂದಿಯಲ್ಲಿ ರೆಕ್ಕೆ.