ಪೆಟ್ಟಾದ ಕಾಲು, ಓಡುವ ಗಾಡಿ

ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡವನು ಗಾಡಿ ಓಡಿಸಬಹುದೇ? ಮೇಲ್ನೋಟಕ್ಕೆ ಇದು ಡಾಕ್ಟರನ್ನೋ ಪೊಲೀಸರನ್ನೋ ಕೇಳಿ ತಿಳಿದುಕೊಳ್ಳಬಹುದಾದ ಸಣ್ಣ ಪ್ರಶ್ನೆ. ಆದರೆ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಂಥ ಕಡೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿದ ರೇಷ್ಮೆಹುಳು ರೈತನ ಕಾಲು ವಾಸಿಯಾಗಲಿ ಎಂದು ಕಾಯುವುದಿಲ್ಲ. ದಿನ ಮೀರಿದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಅಷ್ಟರೊಳಗೆ ಗೂಡು ರಾಮನಗರದ ಮಾರುಕಟ್ಟೆ ಸೇರಬೇಕು. ಬೆಳಿಗ್ಗೆ ಸಂಜೆ ಹಾಲು ಡೇರಿಗೆ ಹೋಗಬೇಕು. ಆಟೋ ಓಡಿಸುವವನ ಮನೆಯಲ್ಲಿ ಆಟೋ ನಿಂತರೆ ಒಲೆಯೂ ನಿಲ್ಲುತ್ತದೆ. ಹೀಗಾಗಿ ಕುಂಟುತ್ತಲೇ ಬಂದು ಗಾಡಿ ಹತ್ತುವವರು ನಮ್ಮ ಊರುಗಳಲ್ಲಿ ಅಪರೂಪವಲ್ಲ.

ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರವೇ ಬೇರೆ, ಯಂತ್ರ ಕೊಡುವ ಉತ್ತರವೇ ಬೇರೆ, ಮೂಳೆ ಕೊಡುವ ಉತ್ತರವೇ ಬೇರೆ. ಮೂರಕ್ಕೂ ಒಂದೊಂದು ಇತಿಹಾಸವಿದೆ.

ಕಾನೂನು ಬೆಳೆದ ಬಗೆ

ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. ಮೈಸೂರು ಆಗ ಅರಸರ ಸಂಸ್ಥಾನ. ಓಡಿಸುವವನಿಗೆ ಲೈಸೆನ್ಸು ಇರಬೇಕು, ಹದಿನೆಂಟು ತುಂಬಿರಬೇಕು ಎಂಬಂಥ ಮೂಲ ಕಟ್ಟುಪಾಡುಗಳು ಆ ಕಾಯ್ದೆಯೊಂದಿಗೆ ಬಂದವು. 1939ರ ಕಾಯ್ದೆ ಚಾಲಕನ ದೇಹಸ್ಥಿತಿಯ ಕಡೆಗೂ ಗಮನ ಕೊಟ್ಟಿತು. ಅದರ ಜಾಗಕ್ಕೆ ಬಂದ 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂತು. ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿರುವುದು ಅದೇ.

ಈ ಕಾಯ್ದೆಯಲ್ಲಿ ಎಲ್ಲಿ ಹುಡುಕಿದರೂ ಪ್ಲಾಸ್ಟರು ಹಾಕಿದ ಕಾಲಿನ ಬಗ್ಗೆ ಪ್ರತ್ಯೇಕ ಕಲಮು ಸಿಗದು. ಸಿಗುವುದು 186ನೆಯ ಕಲಮು. ಜನರಿಗೆ ಅಪಾಯ ತರಬಲ್ಲಂಥ ಕಾಯಿಲೆಯೋ ಊನವೋ ತನಗಿದೆ ಎಂದು ತಿಳಿದೂ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವುದು ಅಪರಾಧ ಎನ್ನುತ್ತದೆ ಅದು. ಮೊದಲು ಇದಕ್ಕಿದ್ದ ದಂಡ 200 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 500 ರೂಪಾಯಿವರೆಗೆ. 2019ರ ತಿದ್ದುಪಡಿ ಇದನ್ನು ಒಂದು ಸಾವಿರ ಮತ್ತು ಎರಡು ಸಾವಿರಕ್ಕೆ ಏರಿಸಿತು.

ಇಲ್ಲಿ ಗಮನಿಸಬೇಕಾದ ಮಾತು 'ತಿಳಿದೂ' ಎಂಬುದು. ಹೃದಯದ ಕಾಯಿಲೆ ಒಳಗೇ ಅಡಗಿರಬಹುದು. ಮುರಿದ ಕಾಲು ಅಡಗಿರುವುದಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ಪ್ಲಾಸ್ಟರು ಹಾಕಿಕೊಂಡವನಿಗಿಲ್ಲ. ಪ್ಲಾಸ್ಟರಿದ್ದ ಮಾತ್ರಕ್ಕೆ ಲೈಸೆನ್ಸು ತಾನಾಗಿ ರದ್ದಾಗುವುದಿಲ್ಲ, ನಿಜ. ಆದರೆ ಅಪಘಾತವಾಗಿ ಯಾರಾದರೂ ಸತ್ತರೆ ಅಥವಾ ಗಾಯಗೊಂಡರೆ ಚಾಲಕನ ನಿರ್ಲಕ್ಷ್ಯದ ವಿಚಾರಣೆಯಲ್ಲಿ ಅದೇ ಪ್ಲಾಸ್ಟರು ಅವನ ವಿರುದ್ಧ ಸಾಕ್ಷಿಯಾಗುತ್ತದೆ. ಸಾವಿರ ರೂಪಾಯಿ ದಂಡಕ್ಕಿಂತ ಹೆದರಬೇಕಾದದ್ದು ಅದಕ್ಕೆ.

ಶಾಶ್ವತ ಊನ, ತಾತ್ಕಾಲಿಕ ಪೆಟ್ಟು

ಲೈಸೆನ್ಸಿಗೆ ಅರ್ಜಿ ಹಾಕುವಾಗ ತುಂಬುವ 1ನೇ ನಮೂನೆಯಲ್ಲಿ ಕೈ ಅಥವಾ ಪಾದ ಕಳೆದುಕೊಂಡಿದ್ದೀರಾ, ತೋಳು ಕಾಲುಗಳ ಚಲನೆಯಲ್ಲಿ, ಹಿಡಿತದಲ್ಲಿ, ಬಲದಲ್ಲಿ ದೋಷವಿದೆಯೇ ಎಂದು ಕೇಳಲಾಗುತ್ತದೆ. ಅದಕ್ಕೆ ಕೊಡುವ ಉತ್ತರ ಅರ್ಜಿ ಹಾಕಿದ ದಿನದ್ದು. ಐದು ವರ್ಷದ ಮೇಲೆ ತೆಂಗಿನ ಮರದಿಂದ ಬಿದ್ದು ಕಾಲು ಮುರಿದರೆ ಆ ಹಾಳೆ ತಾನಾಗಿ ಬದಲಾಗುವುದಿಲ್ಲ. ಚಾಲಕ ಅಸಮರ್ಥನಾಗಿದ್ದಾನೆ ಎಂದು ನಂಬಲು ಕಾರಣವಿದ್ದರೆ ಆರ್‌ಟಿಓ ಲೈಸೆನ್ಸನ್ನು ಹಿಂತೆಗೆದುಕೊಳ್ಳಬಹುದು, ವೈದ್ಯರ ಸರ್ಟಿಫಿಕೇಟು ಕೇಳಬಹುದು. ಆದರೆ ಆರು ವಾರದ ಪೆಟ್ಟಿನ ಸುದ್ದಿ ಆ ಕಚೇರಿ ಮುಟ್ಟುವುದಾದರೂ ಹೇಗೆ?

ಕಾನೂನಿನ ಗಮನವೆಲ್ಲ ಇದ್ದದ್ದು ಶಾಶ್ವತ ಊನದ ಮೇಲೆ. ಅದಕ್ಕೆ ಕಾರಣವೂ ಇದೆ. ಕಳೆದ ಶತಮಾನದಲ್ಲಿ ಪೋಲಿಯೊ ಲಕ್ಷಾಂತರ ಮಕ್ಕಳ ಕಾಲಿನ ಶಕ್ತಿ ಕಸಿದುಕೊಂಡಿತು. 1921ರಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೈಯಿಂದಲೇ ನಡೆಸುವಂತೆ ಮಾರ್ಪಡಿಸಿದ ಫೋರ್ಡ್ ಕಾರು ಓಡಿಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ ಸರ್ಕಾರ ಅಂಗವಿಕಲರಿಗೆ ಪುಟ್ಟ ಮೂರು ಚಕ್ರದ ಗಾಡಿಗಳನ್ನು ಕೊಟ್ಟಿತು. ಸುರಕ್ಷತೆ ಸಾಲದೆಂದು 2003ರಲ್ಲಿ ಅವನ್ನು ರಸ್ತೆಯಿಂದ ತೆಗೆಯಲಾಯಿತು. ನಮ್ಮಲ್ಲಿ 1980ರ ದಶಕದಲ್ಲಿ ಗೇರು ಹಾಕುವ ಗೊಡವೆಯಿಲ್ಲದ ಕೈನೆಟಿಕ್ ಹೋಂಡಾ ಬಂದಾಗ ಅದಕ್ಕೆ ಹಿಂದೆ ಎರಡು ಚಕ್ರ ಜೋಡಿಸಿಕೊಂಡು ಎಷ್ಟೋ ಮಂದಿ ಮೊದಲ ಬಾರಿಗೆ ಇನ್ನೊಬ್ಬರ ಹಂಗಿಲ್ಲದೆ ಓಡಾಡಿದರು.

ಆದರೆ 1988ರ ಕಾಯ್ದೆಯ ಪ್ರಕಾರ ಅಂಗವಿಕಲರ ವಾಹನವೆಂದರೆ ಅವರಿಗಾಗಿಯೇ ತಯಾರಾದದ್ದು. ಇದ್ದ ಗಾಡಿಯನ್ನು ಮಾರ್ಪಡಿಸಿಕೊಂಡರೆ ಆ ವ್ಯಾಖ್ಯೆಗೆ ಸೇರುತ್ತಿರಲಿಲ್ಲ. ಮಾರ್ಪಡಿಸಿದ ವಾಹನವನ್ನೂ ಆ ವ್ಯಾಖ್ಯೆಗೆ ಸೇರಿಸಿದ್ದು 2019ರ ತಿದ್ದುಪಡಿ. ಹೀಗೆ ಹುಟ್ಟಿನಿಂದ ಕಾಲು ಸೋತವನಿಗೆ ಕಾನೂನು ತಡವಾಗಿಯಾದರೂ ಒಂದು ದಾರಿ ತೋರಿಸಿತು. ಅವನು ತನ್ನ ಗಾಡಿಯಲ್ಲಿ ಪರೀಕ್ಷೆ ಕೊಟ್ಟು, ಪಾಸಾಗಿ ಓಡಿಸುತ್ತಾನೆ. ಹೋದ ವಾರ ಕಾಲು ಮುರಿದುಕೊಂಡವನ ಜೇಬಿನಲ್ಲಿ ಪೂರ್ತಿ ಲೈಸೆನ್ಸಿದೆ, ಆದರೆ ಈಗಿನ ಕಾಲಿಗೆ ಯಾರೂ ಪರೀಕ್ಷೆ ಮಾಡಿಲ್ಲ. ರಸ್ತೆಯಲ್ಲಿ ಹೆಚ್ಚು ಅಪಾಯ ಈ ಎರಡನೆಯವನಿಂದಲೇ.

ಯಾವ ಕಾಲು, ಯಾವ ಗಾಡಿ?

ಇನ್ನು ಯಂತ್ರದ ಮಾತು. ಕಾಲಿಗೆ ಎಷ್ಟು ಕೆಲಸ ಕೊಡಬೇಕೆಂಬುದರಲ್ಲಿ ಮೋಟಾರು ತಯಾರಕರಿಗೆ ಎಂದೂ ಒಮ್ಮತವಿರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಮೂರು ಪೆಡಲುಗಳಿದ್ದವು, ಆದರೆ ಆಕ್ಸಿಲರೇಟರು ಇದ್ದದ್ದು ಕೈಯಲ್ಲಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬಂದ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಕ್ಕರು ಮತ್ತು ಗೇರು ಎರಡೂ ಒಂದೇ ಕಡ್ಡಿ, ಅದೂ ಎಡಗಡೆ. ಎಡಗಾಲಿಗೆ ಪೆಟ್ಟಾದರೆ ಗಾಡಿ ಶುರು ಮಾಡುವುದೂ ಕಷ್ಟ, ಗೇರು ಬದಲಿಸುವುದೂ ಕಷ್ಟ.

ಈಗಿನ ಬೈಕುಗಳಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಹಿಂದಿನ ಬ್ರೇಕು. ಆಟೋದಲ್ಲಿ ಕ್ಲಚ್ಚು, ಗೇರು ಎಡಗೈಯಲ್ಲಿ. ಬ್ರೇಕು ಮಾತ್ರ ಬಲಗಾಲಿಗೆ. ಟ್ರ್ಯಾಕ್ಟರಿನಲ್ಲಿ ಎಡಗಾಲಿಗೆ ಗಡುಸು ಕ್ಲಚ್ಚು, ಬಲಗಾಲಿಗೆ ಎರಡು ಬ್ರೇಕು ಪೆಡಲು. ಗೇರಿನ ಕಾರಿನಲ್ಲಿ ಎರಡೂ ಕಾಲು ಬೇಕು. ಆಟೋಮ್ಯಾಟಿಕ್ ಕಾರಿಗೆ ಬಲಗಾಲು ಸಾಕು. ಗೇರಿಲ್ಲದ ಸ್ಕೂಟರು, ಮೊಪೆಡ್ಡುಗಳಲ್ಲಿ ಕಾಲಿಗೆ ಕೆಲಸವೇ ಇಲ್ಲವೆಂದು ತೋರಬಹುದು. ಆದರೆ ಗಾಡಿ ನಿಂತಾಗ ನೆಲಕ್ಕೆ ಊರುವುದು ಕಾಲೇ. ಹಿಂದೆ ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡು, ದನ ಅಡ್ಡ ಬಂದಾಗ ಪೆಟ್ಟಾದ ಕಾಲು ಊರಬೇಕಾಗಿ ಬಂದರೆ ಮೊದಲು ಬೀಳುವುದು ಸವಾರ, ಆಮೇಲೆ ಹಾಲು. ಆದ್ದರಿಂದ ಕಾಲು ನೋವಿದ್ದವನು ಓಡಿಸಬಹುದೇ ಎಂದು ಒಟ್ಟಾಗಿ ಕೇಳಿದರೆ ಉತ್ತರವಿಲ್ಲ. ಯಾವ ಕಾಲು, ಯಾವ ಗಾಡಿ ಎಂದು ಕೇಳಬೇಕು.

ಅರ್ಧ ಸೆಕೆಂಡಿನ ಬೆಲೆ

ಬಲಗಾಲಿನ ಪೆಟ್ಟು ಎಲ್ಲಕ್ಕಿಂತ ಅಪಾಯ, ಏಕೆಂದರೆ ಬ್ರೇಕು ಇರುವುದು ಅಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನೋವಿಗೆ ಹೆದರಿ ಕಾಲು ಅರ್ಧ ಸೆಕೆಂಡು ತಡ ಮಾಡಿದರೆ 8 ಮೀಟರ್ ಹೆಚ್ಚು ದೂರ. ಶಾಲೆಯ ಮುಂದೆ ರಸ್ತೆ ದಾಟುವ ಮಗುವಿಗೆ ಆ 8 ಮೀಟರೇ ಜೀವ. ವೇಗ 100 ಆದರೆ ಅದು ಸುಮಾರು 14 ಮೀಟರ್ ಆಗುತ್ತದೆ.

ಪ್ಲಾಸ್ಟರು ಬಿಚ್ಚಿದ ದಿನವೇ ಕಾಲು ಮೊದಲಿನಂತಾಯಿತೆಂದು ತಿಳಿಯುವುದೂ ತಪ್ಪು. ಬಲ ಪಾದದ ಕೀಲು ಮುರಿದು ಶಸ್ತ್ರಚಿಕಿತ್ಸೆಯಾದವರ ಬಗ್ಗೆ ನ್ಯೂಯಾರ್ಕಿನ ಮೂಳೆ ವೈದ್ಯರು ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಕು ಒತ್ತುವ ವೇಗ ಮಾಮೂಲಿಗೆ ಬರಲು ಒಂಬತ್ತು ವಾರ ಬೇಕಾಯಿತು. ವಾರಗಟ್ಟಲೆ ಅಲುಗಾಡದ ಸ್ನಾಯು ಸೊರಗಿರುತ್ತದೆ, ಕೀಲು ಬಿಗಿದಿರುತ್ತದೆ. ಆಸ್ಪತ್ರೆಯ ಪ್ಲಾಸ್ಟರಿರಲಿ, ಪುತ್ತೂರು ಕಟ್ಟಿರಲಿ, ಈ ಮಾತು ಎರಡಕ್ಕೂ ಒಂದೇ. ಕೆಲವು ನೋವಿನ ಮಾತ್ರೆಗಳು ಮಂಪರು ತರುತ್ತವೆ ಎಂಬುದನ್ನೂ ಮರೆಯಬಾರದು.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥ ನಿಷೇಧವಾಯಿತು. ಹಳ್ಳಿಯ ಗಾಡಿಗಳು ಓಡಾಡಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ, ಊರೂರಿನ ಒಳದಾರಿಯಲ್ಲಿ. ಅಲ್ಲಿ ವೇಗ ಕಡಿಮೆ, ಆದರೆ ಬ್ರೇಕು ಹಾಕುವ ಸಂದರ್ಭ ಹೆಚ್ಚು: ಹಂಪು, ತಿರುವು, ದನ, ಮಕ್ಕಳು. ಊರೊಳಗೇ ತಾನೇ ಎಂಬ ಸಮಾಧಾನ ಪೆಟ್ಟಾದ ಕಾಲಿಗೆ ಸಲ್ಲದು.

ಹಾಗಾದರೆ ಗೂಡು ಮಾರುಕಟ್ಟೆ ಸೇರುವುದು ಹೇಗೆ? ಯಾವ ಗಾಡಿ, ಯಾವ ಕಾಲು ಎಂದು ಬಿಡಿಸಿ ಹೇಳಿ, ಯಾವಾಗಿನಿಂದ ಓಡಿಸಬಹುದೆಂದು ವೈದ್ಯರಿಂದ ಬರೆಸಿಕೊಳ್ಳುವುದು ಒಂದು ದಾರಿ. ಅಲ್ಲಿಯವರೆಗಿನ ದಾರಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಈ ಸೀಮೆಯಲ್ಲಿ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ಪದ್ಧತಿಯಿತ್ತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆರೆಂಟು ವಾರ ಪಕ್ಕದ ಮನೆಯವನು ಇವನ ಗೂಡನ್ನೂ ತನ್ನ ಗಾಡಿಗೆ ಹಾಕಿಕೊಂಡು ಹೋದರೆ, ಕಾಲು ನೆಟ್ಟಗಾದ ಮೇಲೆ ಆ ಮುಯ್ಯಿ ತೀರಿಸಲು ಬೇಕಾದಷ್ಟು ದಿನಗಳಿರುತ್ತವೆ. ಆದರೆ ಹಾಗೆ ಹೋಗುವವನ ಬಳಿ ಲೈಸೆನ್ಸು ಇದೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.