ಅಮ್ಮನ ಅಪಾಯಿಂಟ್‌ಮೆಂಟ್ ಬುಕ್ ಮಾಡಬೇಕಿದ್ದ ವೆಬ್

ಒಂದು ಹಳೇ ಕನಸಿನ ಕಥೆ ಹೇಳ್ತೀನಿ ಕೇಳಿ. 2001ರ ಮೇ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬಂದಿದ್ದು. ಅಮ್ಮನಿಗೆ ಫಿಸಿಯೋಥೆರಪಿ ಬೇಕು. ಮಗಳು ಲೂಸಿ ಹೇಳಿದ್ದೇ ತಡ, ಸಾಫ್ಟ್‌ವೇರ್ ತಾನೇ ಇನ್ಶೂರೆನ್ಸ್ ನೋಡಿ, ಮನೆಯಿಂದ 20 ಮೈಲಿಯೊಳಗಿನ ಕ್ಲಿನಿಕ್ ಹುಡುಕಿ, ಮಕ್ಕಳ ಬಿಡುವಿಗೆ ಟೈಮ್ ಹೊಂದಿಸುತ್ತೆ. ಬರೆದವರಲ್ಲಿ ಒಬ್ಬರು ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ! ಹೆಸರು, ಸೆಮ್ಯಾಂಟಿಕ್ ವೆಬ್.

ಇದಾಗಬೇಕಾದರೆ ಇದು ವಿಳಾಸ, ಇದು ಸಮಯ ಅಂತ ಪ್ರತಿ ವೆಬ್‌ಸೈಟೂ ಕಂಪ್ಯೂಟರ್‌ಗೆ ಅರ್ಥವಾಗೋ ಲೇಬಲ್ ಅಂಟಿಸಬೇಕು. ಯಾರು ಅಂಟಿಸ್ತಾರೆ ಸ್ವಾಮಿ? ಜನ ಸೋಮಾರಿಗಳು, ಸುಳ್ಳೂ ಹೇಳ್ತಾರೆ ಅಂತ ಕೋರಿ ಡಾಕ್ಟೊರೊ ಅದೇ ವರ್ಷ ಎಚ್ಚರಿಸಿದ್ದರು.

2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ತಂದವು. ಆಮೇಲೆ ಎಷ್ಟೋ ಸೈಟ್‌ಗಳು ಲೇಬಲ್ ಅಂಟಿಸಿದವು, ಲೂಸಿಗಾಗಿ ಅಲ್ಲ, ಸರ್ಚ್‌ನಲ್ಲಿ ಚೆನ್ನಾಗಿ ಕಾಣಬೇಕು ಅಂತ. ಮರುವರ್ಷವೇ ಗೂಗಲ್ ನಾಲೆಜ್ ಗ್ರಾಫ್ ಬಂತು. ಉತ್ತರ ಸರ್ಚ್ ಪುಟದಲ್ಲೇ ಸಿಗತೊಡಗಿತು. ಎಲ್ಲರದೂ ಆಗಬೇಕಿದ್ದದ್ದು ಒಂದು ಕಂಪನಿಯ ಡಬ್ಬಿ ಸೇರಿದ್ದು ನನಗೆ ಇನ್ನೂ ಬೇಜಾರು.

ನಮ್ಮಮ್ಮನ ಫಿಸಿಯೋಥೆರಪಿಗೆ ನಾನಂತೂ ಈಗಲೂ ಫೋನ್ ಮಾಡೇ ಟೈಮ್ ಕೇಳ್ತೀನಿ.