ಪಾಲ್ಕುರಿಕೆ ಸೋಮನಾಥನ ಮೂರು ಕಂಠಗಳು

ಕಾಕತೀಯರ ಕಾಲದ ಪಾಲ್ಕುರಿಕೆ ಸೋಮನಾಥನು ತೆಲುಗು, ಕನ್ನಡ, ಸಂಸ್ಕೃತ ಮೂರರಲ್ಲಿಯೂ ಗ್ರಂಥರಚನೆ ಮಾಡಿದ ಕವಿ. ಅವನ ಊರು ಇಂದಿನ ತೆಲಂಗಾಣದ ಪಾಲಕುರ್ತಿ. ಬಹುಭಾಷಾಕೋವಿದನೆಂದು ಅವನನ್ನು ಕೊಂಡಾಡುವುದು ವಾಡಿಕೆ. ಆ ಕೊಂಡಾಟದಲ್ಲಿ ಒಂದು ಸಂಗತಿ ಮರೆಯಾಗುತ್ತದೆ: ಭಾಷೆ ಬದಲಾದೊಡನೆ ಸೋಮನಾಥನ ಕಂಠವೇ ಬೇರೆಯಾಗಿ ಕೇಳಿಸುತ್ತದೆ.

ತೆಲುಗಿನಲ್ಲಿ ಅವನು ಕಥೆಗಾರ. ಪ್ರೌಢವಾದ ಚಂಪೂಮಾರ್ಗವನ್ನು ಬಿಟ್ಟು, ಎರಡೆರಡು ಸಾಲಾಗಿ ಹಾಡಿಕೊಂಡು ಹೋಗಬಹುದಾದ ದ್ವಿಪದಿಯನ್ನು ಬಸವಪುರಾಣಕ್ಕೂ ಪಂಡಿತಾರಾಧ್ಯ ಚರಿತ್ರೆಗೂ ಆರಿಸಿಕೊಂಡನು. ಎಲ್ಲರಿಗೂ ತಿಳಿಯುವ ‘ಜಾನು ತೆಲುಗೇ’ ಲೇಸೆಂಬುದು ಅವನ ನಿಲುವು. ಬಸವಪುರಾಣದ ಬೆಜ್ಜಮಹಾದೇವಿಯ ಕಥೆಯನ್ನೇ ನೋಡಬಹುದು. ಶಿವನಿಗೆ ತಾಯಿಯಿಲ್ಲವೆಂದು ಮರುಗಿ ತಾನೇ ತಾಯಾದ ಆ ಭಕ್ತೆ, ಅವನನ್ನು ಕೂಸಿನಂತೆ ಮೀಯಿಸಿ, ಉಣಿಸಿ ಸಾಕುತ್ತಾಳೆ. ಅವನು ಕಾಯಿಲೆಯ ಸೋಗು ಹಾಕಿದರೆ ಸಾಯಲೂ ಸಿದ್ಧಳಾಗುತ್ತಾಳೆ. ಪರಶಿವನ ಮಹಿಮೆಯನ್ನು ಇಲ್ಲಿ ಹೇಳುತ್ತಿರುವುದು ತೊಟ್ಟಿಲ ಬಳಿಯ ನುಡಿ.

ಸಂಸ್ಕೃತದ ಸೋಮನಾಥಭಾಷ್ಯದಲ್ಲಿ ಅವನೇ ವಾದಿಯಾಗಿ ನಿಲ್ಲುತ್ತಾನೆ. ಶ್ರುತಿ, ಸ್ಮೃತಿ, ಪುರಾಣ, ಆಗಮಗಳ ವಾಕ್ಯಗಳನ್ನು ಮುಂದಿಟ್ಟು ಮತವನ್ನು ಸಮರ್ಥಿಸುತ್ತಾನೆ. ಪಂಡಿತರ ಸಭೆಯಲ್ಲಿ ತಾಯಿಯ ಕಣ್ಣೀರು ಪ್ರಮಾಣವಾಗದಷ್ಟೆ!

ಇನ್ನು ಕನ್ನಡ. ಶೀಲಸಂಪಾದನೆ, ಸಹಸ್ರಗಣನಾಮ, ಕೆಲವು ರಗಳೆಗಳು: ಎಲ್ಲವೂ ಕಿರುಕೃತಿಗಳು. ವಾದವೂ ಇಲ್ಲ, ವಿಸ್ತಾರವಾದ ಕಥನವೂ ಇಲ್ಲ. ಸಹಸ್ರಗಣನಾಮದಲ್ಲಂತೂ ಶಿವಗಣಗಳ ಹೆಸರುಗಳೇ ಸಾಲುಗಟ್ಟುತ್ತವೆ. ಇದು ಕನ್ನಡದ ಮೇಲಿನ ಹಿಡಿತ ಸಾಲದ್ದರಿಂದ ಆದುದೆಂದು ಭಾವಿಸಬೇಕಾಗಿಲ್ಲ. ಆ ಶರಣರಲ್ಲಿ ಅನೇಕರು ಕನ್ನಡ ನಾಡಿನವರೇ. ತೆಲುಗು ಭಕ್ತರಿಗೆ ಕಥೆಯಾಗಿ ಬಿಡಿಸಿ ಹೇಳಬೇಕಾದುದನ್ನು ಕನ್ನಡದ ಭಕ್ತರ ನಡುವೆ ಹೆಸರೆತ್ತಿದರೆ ಸಾಕಾಗಿತ್ತೆಂದು ತೋರುತ್ತದೆ. ಕಂಠವನ್ನು ತಿದ್ದಿದ್ದು ಭಾಷೆಯೊಂದೇ ಅಲ್ಲ, ಎದುರಿಗೆ ಕುಳಿತವರ ಕಿವಿಯೂ ಹೌದು.

ಅವನ ವೃಷಾಧಿಪ ಶತಕವು ಇದಕ್ಕೆ ಹೊರತಾದುದು. ತೆಲುಗಿನ ಆ ಕೃತಿಯಲ್ಲಿ ಸಂಸ್ಕೃತ, ಕನ್ನಡ, ತಮಿಳು, ಮರಾಠಿಗಳ ಪದ್ಯಗಳೂ ಸೇರಿವೆ. ಅಲ್ಲಿ ಭಾಷೆ ಹೊರಳಿದರೂ ಕಂಠ ಹೊರಳುವುದಿಲ್ಲ. ಪ್ರತಿಯೊಂದು ಪದ್ಯವನ್ನೂ ಕೇಳುವವನು ಬಸವಣ್ಣನೊಬ್ಬನೇ.

ಕನ್ನಡ ಓದುಗರಿಗೆ ಇದರಿಂದ ಒಂದು ನಷ್ಟವೂ ಉಂಟಾಗಿದೆ. ಸೋಮನಾಥನ ಕಥೆಗಳು ಅವರಿಗೆ ದೊರೆತದ್ದು 1369ರಲ್ಲಿ ಭೀಮಕವಿ ರಚಿಸಿದ ಷಟ್ಪದಿಯ ಬಸವಪುರಾಣದ ಮೂಲಕ. ಕಾವ್ಯ ಸೊಗಸಾದುದೇ, ಆದರೆ ಅಲ್ಲಿ ಹಾಡುವವನು ಭೀಮಕವಿ. ಮೂಲದ ಕಂಠದ ಪರಿಚಯವಿಲ್ಲದಿದ್ದರೆ ಇನ್ನೊಬ್ಬರ ಕಂಠವನ್ನು ಅವನದೆನ್ನುವುದು ಸುಲಭ. ಲೋಕನೀತಿಯನ್ನು ಬೋಧಿಸುವ ಕನ್ನಡದ ಸೋಮೇಶ್ವರ ಶತಕವು ಬಹುಕಾಲ ಪಾಲ್ಕುರಿಕೆಯವನ ಹೆಸರಿನಲ್ಲಿಯೇ ನಡೆದುಬಂದಿತು. ಅದು ಪುಲಿಗೆರೆಯ ಸೋಮನಾಥನದೆಂದು ಹಲವು ವಿದ್ವಾಂಸರು ಹೇಳಿದ ಬಳಿಕವೂ ಹಳೆಯ ಹೆಸರು ಪೂರ್ತಿಯಾಗಿ ಅಳಿಸಿಹೋಗಿಲ್ಲ.